ಓಬಳಮ್ಮನ ಹಕ್ಕಿ ಆಟ

ಮೊಬೈಲಿನಲ್ಲಿ ಗೇಮ್ ಆಡುತ್ತ ಇಳಿಯುವ ಸ್ಟಾಪು ಮರೆತವರನ್ನು ಕಂಡಕ್ಟರ್ ಗಂಗಹನುಮಯ್ಯ ಬೈದಷ್ಟು ಇನ್ಯಾರೂ ಬೈದಿರಲಿಲ್ಲ. ನಿವೃತ್ತಿಯಾಗಿ ಬರಗೂರಿನಲ್ಲಿ ನೆಲೆಸಿದ ಮೇಲೂ ಆ ಸಿಟ್ಟು ಹಾಗೇ ಇತ್ತು. ಪಾರ್ಶ್ವವಾಯು ಬಡಿದು ಬಲಗೈ ಸೋತಿದ್ದ ಹೆಂಡತಿ ಓಬಳಮ್ಮನಿಗೆ ಸಿರಾದ ಫಿಜಿಯೋಥೆರಪಿಸ್ಟ್ ಶ್ರೀಲತಾ ಟ್ಯಾಬ್ ಕೊಟ್ಟು ಗೇಮ್ ಆಡಿ ಎಂದಾಗ ಗಂಗಹನುಮಯ್ಯನ ಮುಖ ಗಂಟಾಯಿತು.

"ಹಂಗಲ್ಲ ಸಾರ್, ಬರೀ ಹೊಡಿ ಬಡಿ ಆಟ ಮಾಡ್ತಿದ್ದ ಕಂಪನಿಗಳೇ ಈಗ ಕೈಗೆ, ಮಿದುಳಿಗೆ ಕಸರತ್ತು ಕೊಡೋ ಆಟಾನೂ ಮಾಡ್ತಾವೆ. ವ್ಯಾಯಾಮ ಅಂದ್ರೆ ಅಮ್ಮ ಬೇಜಾರ್ ಮಾಡ್ಕೊಳ್ತಾರಲ್ಲ, ಇದನ್ನ ಆಡಿಸಿ ನೋಡಿ," ಎಂದಳು ಶ್ರೀಲತಾ.

ಆಟ ಸುಲಭದ್ದೇ. ಪರದೆಯ ಮೇಲೆ ಬಣ್ಣಬಣ್ಣದ ಹಕ್ಕಿಗಳು ಹಾರುತ್ತವೆ. ಹೇಳಿದ ಬಣ್ಣದ್ದನ್ನು ಮಾತ್ರ ಮುಟ್ಟಬೇಕು. ಇಬ್ಬರು ಎದುರುಬದುರು ಕೂತೂ ಆಡಬಹುದು. ಒಬ್ಬಳೇ ಆಡಲು ಓಬಳಮ್ಮ ಒಪ್ಪಲಿಲ್ಲ. ಬೇರೆ ದಾರಿಯಿಲ್ಲದೆ ಗಂಗಹನುಮಯ್ಯ ಎದುರಿಗೆ ಕೂತರು. ಅವಳ ಬಲಗೈ ಬೆರಳು ತಲುಪುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ನೋಡಲಾಗದೆ ಅವರು ತಮ್ಮ ಕೈ ತಡೆದುಕೊಂಡು ಸೋಲತೊಡಗಿದರು. ಓಬಳಮ್ಮ ಗೆದ್ದಳು. ಮರುದಿನವೂ ಗೆದ್ದಳು. ಆಮೇಲೊಂದು ದಿನ ಟ್ಯಾಬನ್ನು ದೂರ ತಳ್ಳಿದಳು.

"ಕೆಂಪು ಹಕ್ಕಿ ನಿಮ್ಮ ಬೆಳ್ಳಿನ ಕೆಳಗೇ ಇತ್ತು. ಯಾಕೆ ಮುಟ್ಲಿಲ್ಲ?"

"ಕಾಣ್ಲಿಲ್ಲ ಕಣೆ."

"ಟಿಕೆಟ್ ಇಲ್ದೋನು ಹಿಂದ್ಲ ಸೀಟ್ನಾಗಿದ್ರೂ ಕಾಣ್ತಿದ್ದ ನಿಮ್ಗೆ. ನನ್ ಕೈ ಹೋಗೈತೆ, ತಲೆ ಹೋಗಿಲ್ಲ. ಇಂಗೆ ಬುಟ್ಟುಕೊಡೋದಾದ್ರೆ ನಂಗೆ ಆಟಾನೇ ಬ್ಯಾಡ."

ಗಂಗಹನುಮಯ್ಯ ಟ್ಯಾಬನ್ನು ಎತ್ತಿ ಮತ್ತೆ ಅವಳ ಮುಂದಿಟ್ಟರು. ಅನ್ನ ಕಲಸಿಕೊಡುವಾಗ, ತಲೆ ಬಾಚುವಾಗ ಅವಳು ಸುಮ್ಮನಿರುತ್ತಿದ್ದುದನ್ನು ಒಪ್ಪಿಗೆ ಎಂದೇ ತಿಳಿದಿದ್ದರು. ಅವಳು ಅದನ್ನೆಲ್ಲ ನುಂಗಿಕೊಂಡಿದ್ದಳು ಎಂಬುದು ಈಗ ತಿಳಿಯಿತು.

ಅಂದಿನಿಂದ ದಾಕ್ಷಿಣ್ಯ ಬಿಟ್ಟು ಆಡಿದರು. ಓಬಳಮ್ಮ ದಿನವೂ ಸೋತಳು, ದಿನವೂ ಬೈದುಕೊಂಡಳು, ಮಧ್ಯಾಹ್ನ ಅವರು ಅಡ್ಡಾದಾಗ ಒಬ್ಬಳೇ ಕೂತು ಅಭ್ಯಾಸ ಮಾಡಿದಳು. ಬೆರಳುಗಳ ಬಿಗಿ ಸಡಿಲವಾಗಿದೆ ಎಂದು ಶ್ರೀಲತಾ ಕೈ ಹಿಡಿದು ನೋಡಿ ಹೇಳಿದಳು. ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ, ಅವರು ಹಳದಿ ಹಕ್ಕಿಗೆ ಕೈಚಾಚುವ ಮೊದಲೇ ಅವಳ ತೋರುಬೆರಳು ಅದರ ಮೇಲಿತ್ತು. ಆಟ ಮುಗಿದಾಗ ಗೆದ್ದವಳು ಅವಳೇ.

"ಬುಟ್ಟುಕೊಟ್ರಾ?"

"ನಮ್ಮವ್ವನಾಣೆಗೂ ಇಲ್ಲ ಕಣೆ! ಇನ್ನೊಂದ್ ಆಟ ಹಾಕು, ನೋಡೇಬುಡಾನ!"

ಆ ದನಿಯಲ್ಲಿದ್ದ ಉರಿ ಕೇಳಿ ಓಬಳಮ್ಮನಿಗೆ ನಗು ತಡೆಯಲಾಗಲಿಲ್ಲ. "ನಾಳಿಕ್ ನೋಡಾನ, ಇವತ್ತು ಕೈ ನೋಯ್ತೈತೆ," ಎಂದು ಟ್ಯಾಬ್ ಆರಿಸಿಬಿಟ್ಟಳು. ಗಂಗಹನುಮಯ್ಯ ಊಟದ ತನಕ ಮುಖ ಊದಿಸಿಕೊಂಡೇ ಇದ್ದರು.