ಕಾಡಂಚಿಗೆ ಹೋದ ನರ್ಸಮ್ಮ

ಸಣ್ಣಮಾದಯ್ಯನಿಗೆ ಬೇಕಾಗಿದ್ದುದು ರಾತ್ರಿಪಾಳಿಗೆ ಒಬ್ಬ ನರ್ಸು, ಅಷ್ಟೇ.

ಮೈಸೂರಿನ ಮೇಟಗಳ್ಳಿ ಕಡೆಯ ಅವನ ಮನೆಯಿಂದ ಕೂಗಳತೆಯಲ್ಲಿ ಸರ್ಕಾರದ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಇತ್ತು. ಹಗಲು ತೆರೆದಿರುತ್ತಿತ್ತು, ದೀಪ ಹಚ್ಚುವ ಹೊತ್ತಿಗೆ ಬೀಗ. ಇದ್ದ ಒಬ್ಬರೇ ನರ್ಸಮ್ಮ, ಸುಮಿತ್ರಮ್ಮ, ಹಗಲೆಲ್ಲ ದುಡಿದು ಸಂಜೆ ಮನೆಗೆ ಹೋಗುತ್ತಿದ್ದರು. ಅವರನ್ನು ದೂರುವ ಹಾಗಿರಲಿಲ್ಲ. ಒಂದೇ ಎತ್ತಿಗೆ ಎರಡು ನೊಗ ಹೂಡಲಾದೀತೇ?

ಮೊಮ್ಮಗಳು ಧರಣಿಗೆ ದಿನ ತುಂಬುತ್ತಿತ್ತು. ಚೊಚ್ಚಲು. ಅವಳನ್ನು ಹೆತ್ತ ತಾಯಿಗೆ ನೋವು ಬಂದದ್ದು ಸರಿರಾತ್ರಿಯಲ್ಲಿ. ಆಟೋ ಹುಡುಕಿ ದೊಡ್ಡಾಸ್ಪತ್ರೆ ಮುಟ್ಟಿಸುವಷ್ಟರಲ್ಲಿ ತಡವಾಗಿ, ಮನೆಗೆ ಬಂದದ್ದು ಮಗು ಮಾತ್ರ. ಆ ಮಗುವನ್ನು ಸಾಕಿದವನು ಸಣ್ಣಮಾದಯ್ಯನೇ. ಹೀಗಾಗಿ ಧರಣಿಗೆ ಹೆರಿಗೆಯೆಂದರೆ ಎದೆ ನಡುಕ. ತಿಂಗಳ ತಪಾಸಣೆಗೆ ಹೋದಾಗ ಸುಮಿತ್ರಮ್ಮ ಬೆನ್ನು ಸವರಿ, "ನಾನಿರ್ತೀನಿ ಕಣವ್ವ. ನಿಮ್ಮವ್ವನ ಕತೆ ಬೇರೆ, ನಿಂದು ಬೇರೆ" ಅಂದಿದ್ದರು. ಆ ಒಂದು ಮಾತಿನ ಮೇಲೆ ಹುಡುಗಿ ಅನ್ನ ಉಣ್ಣುತ್ತಿದ್ದಳು. ಗಂಡ ಗೌತಮ್ ಕಾರ್ಖಾನೆಯಲ್ಲಿದ್ದ. ಸಾಲ ಮಾಡಿಯಾದರೂ ಖಾಸಗಿ ಆಸ್ಪತ್ರೆಗೆ ಸೇರಿಸುತ್ತೇನೆಂದ. ಧರಣಿ ಒಪ್ಪಲಿಲ್ಲ.

ಆದರೆ ನೋವು ಹೊತ್ತು ನೋಡಿ ಬರುವುದಿಲ್ಲ. ಅದಕ್ಕೇ ಅಜ್ಜ ಶಾಸಕ ಷಡಕ್ಷರಿಯವರ ಮನೆಗೆ ಹೋಗಿ, ಬಂದ ವಿಷಯ ಹೇಳಿ, ಜಗಲಿಯ ಮೇಲೆ ಕುಳಿತ. ಮಾರನೆಯ ದಿನವೂ ಹೋದ, ಅದರ ಮಾರನೆಯ ದಿನವೂ ಹೋದ. ಮಾತಿಲ್ಲ, ಜಗಳವಿಲ್ಲ, ಬರೀ ಕೂರುವುದು. ಶಾಸಕರೇ ಸೋತರು.

"ನೀವು ಹಿಂಗೆ ಕೂತ್ರೆ ನಂಗೆ ಕಾಫಿ ಇಳಿಯಲ್ಲ ಕಣಜ್ಜ. ಸೋಮವಾರ ಉಸ್ತುವಾರಿ ಸಚಿವರು ಸಭೆ ಇಟ್ಕೊಂಡವ್ರೆ. ಕೇಳ್ತೀನಿ. ನೀವೂ ಬನ್ನಿ, ನಿಮ್ಮ ಕಣ್ಮುಂದೇನೇ ಕೇಳ್ಬುಡ್ತೀನಿ."

ಸೋಮವಾರ ಸಣ್ಣಮಾದಯ್ಯ ಒಗೆದ ಪಂಚೆ ಉಟ್ಟು ಹೋದ. ಷಡಕ್ಷರಿಯವರ ಕಡೆಯವರು ಅವನನ್ನು ಹಿಂದಿನ ಸಾಲಿನಲ್ಲಿ, ಪತ್ರಿಕೆಯವರ ಪಕ್ಕ ಕೂರಿಸಿದರು. ಮುಂದೆ ಜಿಲ್ಲೆಯ ಶಾಸಕರೆಲ್ಲ ಕೂತಿದ್ದರು. ಎತ್ತರದಲ್ಲಿ ಸಚಿವರು. ದೊಡ್ಡ ದನಿಯವರಲ್ಲ ಅವರು. ಪ್ರಶ್ನೆ ಪೂರ್ತಿ ಕೇಳಿ, ಪಕ್ಕದ ಅಧಿಕಾರಿಯ ಕಡೆ ಒಮ್ಮೆ ನೋಡಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ನೀರಿನ ಮಾತಿಗೆ "ಮಾಡಿಸ್ತೀನಿ" ಅಂದರು, ಬಸ್ಸಿನ ಮಾತಿಗೆ "ನೋಡ್ತೀನಿ" ಅಂದರು. "ಮಾಡಿಸ್ತೀನಿ" ಬಂದ ಕೂಡಲೇ ಶಾಸಕರು ಕೂರುತ್ತಿದ್ದರು. "ನೋಡ್ತೀನಿ" ಎಂದರೆ ಮತ್ತೆ ಏಳುತ್ತಿದ್ದರು.

ಷಡಕ್ಷರಿಯವರ ಸರದಿ ಬಂತು. "ಸರ್, ನಮ್ಮ ಹೆರಿಗೆ ಆಸ್ಪತ್ರೆಗೆ ರಾತ್ರಿ ಬೀಗ. ಬಸುರೀರು ಎಲ್ಲಿಗೆ ಹೋಗ್ಬೇಕು? ಸಿಬ್ಬಂದಿ ಕೊಡಿ."

ಆರೋಗ್ಯದ ಅಧಿಕಾರಿ ಎದ್ದರು. "ಅಲ್ಲಿ ಎರಡು ಹುದ್ದೆ ಇದೆ ಸರ್. ಎರಡೂ ಭರ್ತಿ."

"ಭರ್ತಿ ಇದ್ರೆ ಬೀಗ ಯಾಕ್ರೀ?" ಅಂದರು ಸಚಿವರು.

"ಆ ಇಬ್ಬರೂ ನಿಯೋಜನೆ ಮೇಲೆ ಕಚೇರಿ ಕೆಲಸದಲ್ಲಿದಾರೆ ಸರ್. ಸಂಬಳ ಇಲ್ಲಿ, ಕೆಲಸ ಅಲ್ಲಿ."

"ಮತ್ತೆ ಹಗಲು ಇರೋ ನರ್ಸು?"

ಅಧಿಕಾರಿ ಕಡತ ತಿರುವಿದರು. "ಅವರೂ ನಿಯೋಜನೆ ಸರ್. ಅವರ ಹುದ್ದೆ ಕಾಡಂಚಿನ ಆರೋಗ್ಯ ಕೇಂದ್ರದ್ದು."

ಇಷ್ಟಕ್ಕೇ ಕಾಯುತ್ತಿದ್ದವರ ಹಾಗೆ ಕಾಡಂಚಿನ ಶಾಸಕ ನಂಜುಂಡಯ್ಯ ಎದ್ದು ನಿಂತರು. "ನೋಡಿ ಸ್ವಾಮಿ! ನಮ್ಮೂರಲ್ಲಿ ನರ್ಸಿಲ್ಲ ಅಂತ ನಾನು ಬಡ್ಕೋತಾನೇ ಇದೀನಿ. ಭರ್ತಿ ಇದೆ, ಭರ್ತಿ ಇದೆ ಅಂತಾರೆ. ನಮ್ಮ ನರ್ಸು ಇವರ ಮನೇಲಿ ಕೂತವ್ರೆ!"

"ನಾವೇನು ಕದ್ಕೊಂಡ್ ಬಂದ್ವಾ ನಂಜುಂಡಯ್ನೋರೇ?" ಅಂದರು ಷಡಕ್ಷರಿ.

"ಕದ್ದಿಲ್ಲ, ಎರವಲು ತಗೊಂಡು ಮರೆತುಬುಟ್ರಿ!"

ಸಭೆ ನಕ್ಕಿತು. ಸಚಿವರು ನಗಲಿಲ್ಲ. "ಹೊಸ ನೇಮಕ ನನ್ನ ಕೈಲಿಲ್ಲ, ಹಣಕಾಸಿನವರು ಒಪ್ಪಬೇಕು. ಇರೋರನ್ನ ಅವರವರ ಜಾಗಕ್ಕೆ ಕಳಿಸೋದು ನನ್ನ ಕೈಲಿದೆ. ಇಲಾಖೆ ಮಂತ್ರಿಗಳ ಹತ್ರ ನಾನು ಮಾತಾಡ್ತೀನಿ. ಜಿಲ್ಲೆಯಲ್ಲಿ ನರ್ಸುಗಳ ನಿಯೋಜನೆ ಎಲ್ಲಾ ರದ್ದು. ಈ ವಾರದಲ್ಲೇ."

ಷಡಕ್ಷರಿ ಖುಷಿಯಾಗಿ ಹಿಂದೆ ತಿರುಗಿ, "ದೂರು ತಂದೋರು ಇಲ್ಲೇ ಅವ್ರೆ ಸರ್, ನಮ್ಮ ಸಣ್ಣಮಾದಯ್ಯ" ಅಂದರು. ಸಚಿವರು ಕತ್ತೆತ್ತಿದರು. "ಏನಜ್ಜ, ಆಯ್ತಾ?"

ಸಣ್ಣಮಾದಯ್ಯ ಎದ್ದು ನಿಂತ. ಅವನಿಗೆ ಆಗಲೇ ಅರ್ಥವಾಗಿತ್ತು. "ಬುದ್ಧಿ, ನಾನು ಕೇಳಿದ್ದು ಇನ್ನೊಬ್ರು ಬೇಕು ಅಂತ. ಇರೋರನ್ನ ಕಳಿಸಿ ಅಂತ ಅಲ್ಲ."

"ಒಬ್ಬರು ಹೋಗ್ತಾರೆ, ಇಬ್ಬರು ಬರ್ತಾರೆ. ಲಾಭಾನೇ ಅಲ್ವಾ?"

"ಅವ್ರು ನಮ್ಮ ಮಗೀಗೆ ಮಾತು ಕೊಟ್ಟವ್ರೆ ಬುದ್ಧಿ."

ಸಚಿವರು ಪಕ್ಕದ ಅಧಿಕಾರಿಯ ಕಡೆ ನೋಡಿದರು. ನಂಜುಂಡಯ್ಯ ಮಾತ್ರ ಮೆತ್ತಗೆ ಕೇಳಿದರು, "ನಮ್ಮೂರ ಹೆಣ್ಮಕ್ಕಳೂ ಹೆರ್ತಾರೆ ಅಲ್ವಾ ಯಜಮಾನ್ರೆ?"

ಸಣ್ಣಮಾದಯ್ಯ ಹೌದೆಂದು ತಲೆಯಾಡಿಸಿ ಕುಳಿತ. ಸಚಿವರು ಮುಂದಿನ ಪ್ರಶ್ನೆಗೆ ಹೋದರು, ಅದು ಬೀದಿದೀಪದ್ದು.

ಅಂದುಕೊಂಡದ್ದಕ್ಕಿಂತ ಬೇಗ ಆದೇಶ ಬಂತು. ಕಚೇರಿಯಲ್ಲಿದ್ದ ಇಬ್ಬರು ನರ್ಸುಗಳು ಬಂದರು. ಆಸ್ಪತ್ರೆಯ ಬಾಗಿಲು ರಾತ್ರಿಯೂ ತೆರೆದುಕೊಂಡಿತು. ಬೀದಿಯವರೆಲ್ಲ, "ಗೆದ್ಬುಟ್ರಿ ಕಣಜ್ಜ" ಅಂದರು.

ಸುಮಿತ್ರಮ್ಮ ಹೊರಡುವ ಮುನ್ನ ಸಣ್ಣಮಾದಯ್ಯ ಅವರ ಮನೆಗೆ ಹೋದ. ಅವರು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಇಂಗಾಯ್ತದೆ ಅಂತ ಗೊತ್ತಿದ್ರೆ ನಾನು ಅತ್ಲಾಗೆ ಕಾಲೇ ಇಕ್ತಿರ್ಲಿಲ್ಲ ನರ್ಸಮ್ಮ."

"ಬುಡಿ ಯಜಮಾನ್ರೆ. ಮಗನ ಸ್ಕೂಲು ಅಂತ ಬಂದೋಳು ನಾನು. ಮಗ ಕಾಲೇಜೂ ಮುಗಿಸ್ದ, ನಾನು ಹೋಗ್ಲಿಲ್ಲ. ಆ ಊರ ಸಂಬಳ ಉಂಡಿದೀನಿ." ಚೀಲದ ಬಾಯಿ ಕಟ್ಟಿ ನಿಂತರು. "ಧರಣಿಗೆ ಏನು ಹೇಳ್ಲಿ?"

ಧರಣಿ ಯಾರಿಂದಲೂ ಏನೂ ಕೇಳಿಸಿಕೊಳ್ಳಲಿಲ್ಲ. ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದಳು. ಹೊಸ ನರ್ಸುಗಳು ಒಳ್ಳೆಯವರೇ. ಆದರೆ ಅವರಲ್ಲೊಬ್ಬರು, "ನಾನು ಹೆರಿಗೆ ಮಾಡಿಸಿ ಯಾವ ಕಾಲ ಆಯ್ತೋ" ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಮೂರನೆಯ ದಿನ ಎದ್ದು ಕೂತಳು.

"ತಾತ, ಮೊದಲ ಹೆರಿಗೆ ತವರಲ್ಲಿ ಆಗ್ಬೇಕು ತಾನೆ?"

"ಊಂ ಕಣವ್ವ."

"ನಂಗೆ ತವರು ಅಂದ್ರೆ ನೀನೊಬ್ಬ. ನೀನು ಎಲ್ಲಿರ್ತೀಯೋ ಅದೇ ತವರು. ನಡಿ, ನರ್ಸಮ್ಮ ಇರೋ ಕಡೆ ಹೋಗಿ ಇರು, ನಾನೂ ಅಲ್ಲಿಗೇ ಬರ್ತೀನಿ."

"ಊರೋರೆಲ್ಲ ಹೆರಕ್ಕೆ ಮೈಸೂರಿಗೆ ಬತ್ತಾರೆ, ನೀನು ಕಾಡಿಗೆ ಹೊಂಟಿದೀಯಲ್ಲೇ!" ಅಂದ ಗೌತಮ್. ಅಂದರೂ ಗೆಳೆಯನ ಕಾರು ತಂದ.

ಕಾಡಂಚಿನ ಆರೋಗ್ಯ ಕೇಂದ್ರದ ಹೊರಗೆ ಹೆಂಗಸರು ಸಾಲಾಗಿ ಕೂತಿದ್ದರು. ಸೊಸೆಯನ್ನು ಕರೆತಂದಿದ್ದ ಪುಟ್ಟಲಿಂಗಮ್ಮನೆಂಬ ಮುದುಕಿ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾವೂರು?"

"ಮೈಸೂರು ಕಣವ್ವ."

"ಓಹೋ! ನಮ್ಮ ನರ್ಸಮ್ಮನ್ನ ಇಷ್ಟು ವರ್ಸ ಇಟ್ಕೊಂಡಿದ್ದೋರು ನೀವೇಯಾ? ಈಗ ಬುಟ್ಟಿರಲಾರದೆ ಹಿಂದಿಂದೇ ಬಂದ್ರಾ?"

"ಇಲ್ಲಿಗೆ ಕಳಿಸಿದೋನೂ ನಾನೇ ಕಣವ್ವ," ಅಂದ ಸಣ್ಣಮಾದಯ್ಯ.

ಮುದುಕಿಗೆ ತಲೆಬುಡ ತಿಳಿಯಲಿಲ್ಲ. ಧರಣಿಯ ಹೊಟ್ಟೆ ನೋಡಿದಳು, ಬೆಂಚಿನಲ್ಲಿ ಒತ್ತರಿಸಿ ಜಾಗ ಬಿಟ್ಟಳು. ಬಾಗಿಲಿಗೆ ಬಂದ ಸುಮಿತ್ರಮ್ಮ ಧರಣಿಯನ್ನು ಕಂಡು ಅಲ್ಲೇ ನಿಂತರು. ಒರೆಸಿಕೊಂಡದ್ದು ಕಣ್ಣೀರೋ ಬೆವರೋ, ತಿಳಿಯಲಿಲ್ಲ. "ಸರದೀಲೇ ಬರ್ಬೇಕು ನೀನೂ" ಅಂದು ಒಳಹೋದರು. ಗೌತಮ್ ಕಾರ್ಖಾನೆ ಕೆಲಸಕ್ಕೆ ವಾಪಸಾದ. ಆ ರಾತ್ರಿಯಿಂದ ಸುಮಿತ್ರಮ್ಮನವರ ಕ್ವಾರ್ಟರ್ಸಿನಲ್ಲೇ ಅಜ್ಜ, ಮೊಮ್ಮಗಳು ಇಬ್ಬರಿಗೂ ಊಟ, ಚಾಪೆ.

ಧರಣಿಗೆ ನೋವು ಕಾಣಿಸಿಕೊಂಡ ದಿನವೇ ಪುಟ್ಟಲಿಂಗಮ್ಮನ ಸೊಸೆಗೂ ಕಾಣಿಸಿಕೊಂಡಿತು. ನರ್ಸಮ್ಮ ಒಬ್ಬರೇ. ಅಜ್ಜನೂ ಮುದುಕಿಯೂ ಹೊರಗೆ ಕೂತರು. ಒಳಗಿನಿಂದ ಬರುತ್ತಿದ್ದ ಕೂಗು ಯಾರದೆಂದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಒಂದು ಮಗು ಅತ್ತಿತು. ಇಬ್ಬರೂ ಒಟ್ಟಿಗೇ ಎದ್ದರು.

ಸುಮಿತ್ರಮ್ಮ ಬಾಗಿಲು ಅರ್ಧ ತೆಗೆದು ಮುಖ ತೋರಿಸಿದರು. "ನಿಮ್ದು ಹೆಣ್ಣು, ಯಜಮಾನ್ರೆ. ತಾಯಿ ಚೆನ್ನಾಗವ್ಳೆ, ನೀರು ಕೇಳ್ತಾವ್ಳೆ." ಮುದುಕಿಯ ಕಡೆ ತಿರುಗಿ, "ನಿಮ್ದು ಇನ್ನೂ ಸ್ವಲ್ಪ ಹೊತ್ತೈತೆ, ಕೂತ್ಕಳಿ" ಅಂದು ಬಾಗಿಲು ಹಾಕಿಕೊಂಡರು.

ಸಣ್ಣಮಾದಯ್ಯ ಒಳಗೆ ಹೋಗಲಿಲ್ಲ. ಮುದುಕಿಯ ಪಕ್ಕದಲ್ಲೇ ಮತ್ತೆ ಕುಳಿತ.