ಹಾಡುವವರಿಗೆ ಮಾಡಿದ ಪೆಟ್ಟಿಗೆ

ಹಗರಿಬೊಮ್ಮನಹಳ್ಳಿಯಲ್ಲಿ ಮದುವೆಯಿರಲಿ, ಉರುಸಿರಲಿ, ಚುನಾವಣೆಯ ಸಭೆಯಿರಲಿ, ಮೈಕ್ ಬೇಕೆಂದವರು ಮೊದಲು ಅತಾವುಲ್ಲಾನ ಮನೆಗೆ ಬರುತ್ತಿದ್ದರು. ಅವನ ಅಂಗಳದ ತುಂಬ ಹಾರ್ನುಗಳು, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಸುರುಳಿ ಸುತ್ತಿದ ವೈರು. ಇಪ್ಪತ್ತು ವರ್ಷಗಳಿಂದ ಅದೇ ಕಸುಬು. ಕೊಟ್ಟೂರಿನಿಂದ ಹಡಗಲಿಯವರೆಗೆ ಯಾವ ಊರಿನ ಬಯಲು ಎಷ್ಟು ದನಿ ಬೇಡುತ್ತದೆ ಎಂಬುದು ಅವನಿಗೆ ನೋಡಿದೊಡನೆ ತಿಳಿಯುತ್ತಿತ್ತು. ಸೌಂಡಿನ ವಿಷಯ ಬಂದರೆ ಊರಿನಲ್ಲಿ ತನ್ನ ಮಾತೇ ಕೊನೆಯದು ಎಂದು ಅವನು ನಂಬಿದ್ದ. ಊರಿನವರೂ ಹಾಗೇ ಅಂದುಕೊಂಡಿದ್ದರು.

ಹೆಂಡತಿ ಸಲ್ಮಾ ಉರ್ದು ಶಾಲೆಯಲ್ಲಿ ಟೀಚರು. ಅವಳ ತಂದೆ ಮುರ್ತುಜಾಸಾಬ ಹರಪನಹಳ್ಳಿಯ ಬ್ಯಾಂಡ್ ಕಂಪನಿಯೊಂದರಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವರು. ಹಾಡು ಕೇಳುವ ಹುಚ್ಚು ಅವಳಿಗೆ ಅಲ್ಲಿಂದಲೇ ಬಂದದ್ದು. ಆದರೆ ಗಂಡನ ಪೆಟ್ಟಿಗೆಗಳಲ್ಲಿ ಹಾಡು ಕೇಳಿದರೆ ಅವಳಿಗೆ ತಲೆನೋವು. ಮಗಳು ನಿಶಾತಳ ಓದಿಗೆಂದು ಮನೆಗೆ ಕಂಪ್ಯೂಟರ್ ಬಂದಿತ್ತು. ಮಗಳು ಹಾಸ್ಟೆಲ್ ಸೇರಿದ ಮೇಲೆ ಅದು ಸಲ್ಮಾಳ ಪಾಲಾಯಿತು. ಶಾಲೆಯಿಂದ ಬಂದು ಚಹಾ ಕುಡಿದು, ಸಿಡಿ ಹಾಕಿಕೊಂಡು ಸಣ್ಣ ದನಿಯಲ್ಲಿ ಕೇಳುತ್ತ ಕೂರುವುದು ಅವಳ ರೂಢಿ.

ಎರಡು ಸಾವಿರದ ಆರರಲ್ಲಿ ಅವಳ ತಮ್ಮ ಆಸೀಮ ಮಸ್ಕತ್‌ನಿಂದ ರಜೆಗೆ ಬಂದಾಗ ಅಕ್ಕನಿಗೆಂದು ಒಂದು ದೊಡ್ಡ ಹೆಡ್‌ಫೋನ್ ತಂದುಕೊಟ್ಟ. ಕಿವಿಯನ್ನು ಪೂರಾ ಮುಚ್ಚುವಂಥದ್ದು, ಸ್ಟುಡಿಯೋಗಳಲ್ಲಿ ಬಳಸುವ ಜಾತಿಯದು. ಆದರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ದನಿ ಹೊರಡಲೊಲ್ಲದು. ಎಷ್ಟು ಏರಿಸಿದರೂ ಹಾಡು ಪಕ್ಕದ ಓಣಿಯಿಂದ ಕೇಳಿದಂತೆ.

"ಇದಕ್ಕ ಆಂಪ್ಲಿಫೈಯರ್ ಬೇಕು" ಎಂದ ಹುಲುಗೇಶ್.

ಹುಲುಗೇಶ್ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದವನು. ಓದುವ ಕಾಲದಲ್ಲಿ ಅತಾವುಲ್ಲಾನ ಜೊತೆ ಮದುವೆಗಳಿಗೆ ಹೋಗಿ ವೈರು ಎಳೆದಿದ್ದ. ಸೋಲ್ಡರ್ ಹಿಡಿಯುವುದನ್ನು ಕಲಿತದ್ದೇ ಆ ಅಂಗಳದಲ್ಲಿ. ನೌಕರಿ ಸಿಕ್ಕ ಮೇಲೂ ಸಂಜೆ ಬಂದು ಕೂತು ಹೋಗುವುದನ್ನು ಬಿಟ್ಟಿರಲಿಲ್ಲ. ಅವನನ್ನು ತಮ್ಮ ಎಂದೇ ಅತಾವುಲ್ಲಾ ಎಲ್ಲರಿಗೂ ಹೇಳುತ್ತಿದ್ದ.

"ಆಂಪ್ಲಿಫೈಯರಾ? ನಮ್ಮನ್ಯಾಗ ಏನು ಕಡಿಮಿ ಅದಾವೇನೋ?" ಎಂದು ಅತಾವುಲ್ಲಾ ಜೋರಾಗಿ ನಕ್ಕ. ಎದ್ದು ಹೋಗಿ ಮದುವೆಗೆ ಒಯ್ಯುವ ಆಂಪ್ಲಿಫೈಯರನ್ನೇ ಹೊತ್ತು ತಂದು, ಸ್ಪೀಕರಿನ ವೈರಿಗೆ ಹೇಗೋ ಹೆಡ್‌ಫೋನ್ ಜೋಡಿಸಿ, ಸಲ್ಮಾಳ ಕಿವಿಗೆ ಹಾಕಿ ಸ್ವಿಚ್ಚು ಒತ್ತಿದ. ಸಲ್ಮಾ ಬೆಚ್ಚಿಬಿದ್ದು ಹೆಡ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡಳು.

"ಧಡ್ ಅಂತ ಹೊಡದಂಗಾತು! ಆಮ್ಯಾಲ ಬರೇ ಸುಂಯ್ ಅನ್ನಾಕತ್ತೈತಿ. ಹಾಡೆಲ್ಲೈತಿ ಅದರಾಗ?"

ಹುಲುಗೇಶ್ ನಗು ತಡೆಯಲಾರದೆ, "ಅಣ್ಣಾ, ಭಾಬಿ ಕಿವಿ ಅಂದ್ರ ಊರ ಬಯಲಲ್ಲ" ಎಂದ. ಸಲ್ಮಾಳೂ ನಕ್ಕಳು. ಅತಾವುಲ್ಲಾನೂ ನಕ್ಕ. ಆದರೆ ಆಂಪ್ಲಿಫೈಯರನ್ನು ಒಳಗೆ ಒಯ್ಯುವಾಗ ಅವನ ಮುಖ ಬೇರೆಯಾಗಿತ್ತು.

ಹೆಡ್‌ಫೋನಿಗೆಂದೇ ಮಾಡಿದ ಒಳ್ಳೆಯ ಆಂಪ್ಲಿಫೈಯರಿನ ಬೆಲೆಯನ್ನು ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿ ಕೇಳಿದ ಸಲ್ಮಾ ಅಷ್ಟು ದುಡ್ಡಿಲ್ಲವೆಂದು ಫೋನಿಟ್ಟಳು. ಆಗ ಹುಲುಗೇಶ್ ಇನ್ನೊಂದು ದಾರಿ ಹುಡುಕಿದ. ಹೊಸಪೇಟೆಯಲ್ಲಿ ಕ್ಯಾಸೆಟ್ ಹಾಡು ರೆಕಾರ್ಡ್ ಮಾಡುತ್ತಿದ್ದ ಸಣ್ಣ ಸ್ಟುಡಿಯೋ ಒಂದು ಮುಚ್ಚಿತ್ತು. ಅಲ್ಲಿಯ ಸಾಮಾನಿನಲ್ಲಿ ಟಿಫಿನ್ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆಯನ್ನು ಅಗ್ಗಕ್ಕೆ ಕೊಂಡು ತಂದು ಸಲ್ಮಾಳ ಮೇಜಿನ ಮೇಲಿಟ್ಟ. ಮುಂದುಗಡೆ ಮೈಕಿಗೆ ಎರಡು ತೂತು, ಹೆಡ್‌ಫೋನಿಗೆ ಒಂದು, ಅದರ ಪಕ್ಕ ತಿರುಗಿಸುವ ಗುಂಡಿ. ಹಿಂದಿನಿಂದ ಕಂಪ್ಯೂಟರಿಗೆ ಒಂದೇ ವೈರು. ಕರೆಂಟೂ ಅದರಲ್ಲೇ.

"ಇದು ರೆಕಾರ್ಡ್ ಮಾಡೋ ಡಬ್ಬಿ ಅಲ್ಲೇನೋ?" ಎಂದ ಅತಾವುಲ್ಲಾ.

"ಹೌದಣ್ಣ. ಹಾಡೋರು ಹಾಡುವಾಗ ತಮ್ಮ ದನಿ ತಾವು ಕೇಳ್ಬೇಕಲ್ಲ, ಅದಕ್ಕ ಹೆಡ್‌ಫೋನಿನ ಆಂಪ್ಲಿಫೈಯರ್ ಇದರೊಳಗ ಕುಂತೈತಿ. ಚಲೋದು ಹಾಕಿರ್ತಾರ, ಯಾಕಂದ್ರ ತಪ್ಪು ಹಿಡಿಯಾಕ ಅದೇ ಬೇಕು. ನಾವು ರೆಕಾರ್ಡ್ ಮಾಡೂದು ಬ್ಯಾಡ. ಕೇಳಿದ್ರ ಸಾಕು."

ಸಲ್ಮಾ ಹೆಡ್‌ಫೋನ್ ಹಾಕಿಕೊಂಡಳು. ಸಾರಂಗಿಯ ಒಂದು ಸಿಡಿ ಹಾಕಿದರು. ಅವಳು ಗುಂಡಿಯನ್ನು ಸ್ವಲ್ಪವೇ ತಿರುಗಿಸಿದಳು. ಒಲೆಯ ಮೇಲೆ ಹಾಲು ಉಕ್ಕಿದ್ದು ಅವಳಿಗೆ ತಿಳಿಯಲಿಲ್ಲ. ಅತಾವುಲ್ಲಾನೇ ಎದ್ದು ಒಲೆ ಆರಿಸಿ ಬಂದ.

"ನುಡಿಸಾವ್ರು ಉಸಿರು ತಗಳಾದು ಕೇಳ್ತೈತಿ" ಎಂದಳು ಕೊನೆಗೆ. ಕಣ್ಣು ತುಂಬಿದ್ದವು. "ನಮ್ಮ ಅಬ್ಬಾ ಊದುವಾಗ ನಾ ಮಗ್ಗಲಾಗ ಕುಂತಾಗ ಹಿಂಗಾ ಕೇಳ್ತಿತ್ತು."

ಹುಲುಗೇಶ್ ಹೆಡ್‌ಫೋನ್ ತೆಗೆದುಕೊಂಡು ಕೇಳಿದ. "ಭಾಬಿ, ಹಿಂದಗಡೆ ಯಾರದೋ ಗೆಜ್ಜಿ ಸಣ್ಣಗ ಅಲ್ಲಾಡ್ತೈತಿ. ಕೇಳಿದ್ರ್ಯಾ?" ಅವಳು ಮತ್ತೆ ಕೇಳಿ, "ಹೌದಲ್ಲ!" ಎಂದಳು. ಸರದಿ ಅತಾವುಲ್ಲಾನದಾಯಿತು. ಅವನು ಕಣ್ಣು ಮುಚ್ಚಿ ಕೇಳಿದ. ಸಾರಂಗಿ ಕೇಳಿಸಿತು. ತಬಲಾ ಕೇಳಿಸಿತು. ಗೆಜ್ಜೆ ಎಲ್ಲಿ?

"ಕೇಳ್ತೈತ್ರಿ?" ಎಂದಳು ಸಲ್ಮಾ.

"ಹೂಂ, ಕೇಳ್ತೈತಿ."

"ಯಾವ ಕಿವಿಯಾಗ?"

ಅವಳು ಆಸೆಯಿಂದ ಕೇಳಿದ್ದಳು, ಪರೀಕ್ಷೆಗಲ್ಲ. ಅವನು ಅಂದಾಜಿನ ಮೇಲೆ, "ಬಲಕ್ಕ" ಎಂದ.

ಸಲ್ಮಾ ಮತ್ತು ಹುಲುಗೇಶ್ ಒಬ್ಬರ ಮುಖ ಒಬ್ಬರು ನೋಡಿದರು. ಗೆಜ್ಜೆ ಇದ್ದದ್ದು ಎಡಗಿವಿಯಲ್ಲಿ. ಹುಲುಗೇಶ್ ಎಕ್ಸ್‌ಚೇಂಜಿನ ಸುದ್ದಿ ಏನೋ ತೆಗೆದ.

ಆ ನೋಟ ಅತಾವುಲ್ಲಾನ ಎದೆಯಲ್ಲಿ ಉಳಿದುಬಿಟ್ಟಿತು. ಅಂದಿನಿಂದ ಸಂಜೆಯಾದರೆ ಸಾಕು, ಅವನಿಗೆ ಒಳಗೊಳಗೆ ಉರಿ. ಹುಲುಗೇಶ್ ಬರುತ್ತಿದ್ದ, ಹೊಸದೊಂದು ಸಿಡಿ ತರುತ್ತಿದ್ದ, ಹೆಡ್‌ಫೋನ್ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. "ಇಲ್ಲಿ ಬೆರಳು ಜಾರಿದ್ದು ಕೇಳ್ರಿ ಭಾಬಿ." "ಅಣ್ಣಾ, ಈ ತಂಬೂರಿ ತಂತಿ ಒಂದು ಸ್ವಲ್ಪ ಸಡಿಲಾಗೈತಲ್ಲ?" ಹುಲುಗೇಶನ ನಡತೆಯ ಬಗ್ಗೆ ಅತಾವುಲ್ಲಾನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು, ಮನೆಗೆ ಬರಬೇಡ ಎಂದುಬಿಡಬಹುದಿತ್ತು. ಇದು ಬೇರೆ. ತನ್ನ ಹೆಂಡತಿ, ತಾನು ಕೆಲಸ ಕಲಿಸಿದ ಹುಡುಗ, ಇಬ್ಬರೂ ಸೇರಿ ತನಗೆ ಬಾಗಿಲಿಲ್ಲದ ಒಂದು ಕೋಣೆಗೆ ಹೋಗಿ ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಅದೂ ಸೌಂಡಿನ ವಿಷಯದಲ್ಲಿ! ಅವನು ಅಂಗಳದಲ್ಲಿ ಬೇಕೆಂದೇ ಹಾರ್ನುಗಳನ್ನು ಎತ್ತಿ ಕುಕ್ಕುತ್ತಿದ್ದ, ಮೈಕ್ ಹಚ್ಚಿ "ಹಲೋ, ಚೆಕ್" ಎಂದು ಕೂಗುತ್ತಿದ್ದ. ಹೆಡ್‌ಫೋನ್ ಹಾಕಿಕೊಂಡವಳಿಗೆ ಅದು ಮುಟ್ಟುತ್ತಲೇ ಇರಲಿಲ್ಲ.

ಮನೆಯಲ್ಲಿ ಯಾರೂ ಇಲ್ಲದಾಗ ಒಬ್ಬನೇ ಕೂತು ಆ ಗೆಜ್ಜೆಗಾಗಿ ಹುಡುಕಿದ. ಗುಂಡಿಯನ್ನು ಪೂರಾ ತಿರುಗಿಸಿದ. ಸಿಗಲಿಲ್ಲ. ಈ ಡಬ್ಬಿಯಲ್ಲಿ ಅಂಥದ್ದೇನಿಲ್ಲ, ಇಬ್ಬರೂ ಸೇರಿ ಕತೆ ಕಟ್ಟುತ್ತಿದ್ದಾರೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೆ ಉರಿ ಇನ್ನೂ ಹೆಚ್ಚಾಯಿತು.

ಹಡಗಲಿಯಲ್ಲಿ ಮಲ್ಲಿಗೆ ಹೂವಿನ ವ್ಯಾಪಾರ ಮಾಡುವ ಮೈಲಪ್ಪ ಅವನ ಹಳೆಯ ಗಿರಾಕಿ. ತಮ್ಮ ಭಜನಾ ಮಂಡಳಿಯ ಹಾಡುಗಳನ್ನು ಸಿಡಿ ಮಾಡಿಸಬೇಕೆಂದು ಅವನಿಗೆ ಮನಸ್ಸಾಗಿತ್ತು. ಕಂಪ್ಯೂಟರ್ ಇತ್ತು, ಬೇರೇನು ಬೇಕೆಂದು ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಮೈಕ್ ಬಾಡಿಗೆಗೆ ಕೇಳಲು ಬಂದ.

"ಮೈಕ್ ಅಷ್ಟಾ ಸಾಲಂಗಿಲ್ಲ ಮೈಲಪ್ಪ" ಎಂದ ಅತಾವುಲ್ಲಾ. ಹೇಳುತ್ತಿದ್ದಂತೆಯೇ ಮುಂದಿನ ಮಾತು ಬಾಯಿಗೆ ಬಂತು. "ರೆಕಾರ್ಡ್ ಮಾಡಾಕಂತ ಹುಟ್ಟಿದ ಡಬ್ಬಿ ನಮ್ಮನ್ಯಾಗ ಒಂದು ಸುಮ್ನ ಬಿದ್ದೈತಿ. ಒಯ್ಯಿ. ವಾಪಸ್ ತರೂದು ಬ್ಯಾಡ, ದೇವರ ಕೆಲಸಕ್ಕ ನಂದೂ ಒಂದಿರ್ಲಿ."

ಸಲ್ಮಾ ಶಾಲೆಯಿಂದ ಬಂದಾಗ ಮೇಜಿನ ಮೇಲೆ ಹೆಡ್‌ಫೋನ್ ಮಾತ್ರ ಇತ್ತು.

"ಇಲ್ಲಿದ್ದ ಪೆಟ್ಟಿಗಿ ಎಲ್ಲೈತ್ರಿ?"

"ಹಡಗಲಿ ಮೈಲಪ್ಪಗ ಕೊಟ್ಟೀನಿ. ಭಜನಿ ರೆಕಾರ್ಡ್ ಮಾಡ್ತಾನಂತ. ಅದು ಹಾಡಾವ್ರಿಗೆ ಮಾಡಿದ್ದು, ನೀ ಬರೇ ಕೇಳಾಕ ಇಟಗೊಂಡಿದ್ದಿ."

"ಯಾವಾಗ ತಂದು ಕೊಡ್ತಾನ?"

"ಕೊಟ್ಟುಬಿಟ್ಟೀನಿ ಅಂದೆ."

ಅವಳು ಚೀರಾಡುತ್ತಾಳೆ, ತಾನೂ ಚೀರಾಡಬಹುದು ಎಂದು ಅವನು ಸಿದ್ಧನಾಗಿದ್ದ. ಸಲ್ಮಾ ಬುರ್ಖಾ ತೆಗೆದು ಗೂಟಕ್ಕೆ ಹಾಕಿದಳು. "ಅದು ನಂದಾಗಿತ್ತು" ಎಂದಳು, ಅಷ್ಟೆ. ಅಡುಗೆಮನೆಗೆ ಹೋದಳು.

ವಿಷಯ ತಿಳಿದ ಹುಲುಗೇಶ್, "ಆತು ಬಿಡಣ್ಣ" ಎಂದು ಎದ್ದು ಹೋದವನು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಲ್ಮಾ ಕಂಪ್ಯೂಟರ್ ಹಚ್ಚುವುದನ್ನೇ ಬಿಟ್ಟಳು. ಅತಾವುಲ್ಲಾ ಬಯಸಿದ್ದು ಇದನ್ನೇ. ಆದರೆ ಸಂಜೆಯ ಹೊತ್ತು ಮನೆಯಲ್ಲಿ ಬರೀ ಪಾತ್ರೆಯ ಸದ್ದು. ಊಟಕ್ಕೆ ಕೂತಾಗ ಸಲ್ಮಾ ರೊಟ್ಟಿ ಬಡಿಸುತ್ತಿದ್ದಳು, ಬೇಕಾ ಎಂದು ಕೇಳುತ್ತಿದ್ದಳು. ಅದರಾಚೆ ಮಾತಿಲ್ಲ. ಅವಳು ಒಬ್ಬಳೇ ಇದ್ದಾಗಲೂ ಆ ಸಾರಂಗಿಯನ್ನು ಮನಸ್ಸಿನಲ್ಲೇ ಕೇಳುತ್ತಿದ್ದಾಳೆ ಎಂದು ಅವನಿಗೆ ಅನ್ನಿಸತೊಡಗಿತು. ಈಗ ಅದರ ಮೇಲೂ ಹೊಟ್ಟೆಕಿಚ್ಚು.

ಕೊನೆಗೆ ಒಂದು ಭಾನುವಾರ ಅವನೇ, "ನಡಿ, ಹಡಗಲಿಗೆ ಹೋಗಿ ತಗಂಡು ಬರೂಣು" ಎಂದ. ಸಲ್ಮಾ ಬುರ್ಖಾ ಹಾಕಿಕೊಂಡು ಹೊರಟಳು.

ಮೈಲಪ್ಪನ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆಲ್ಲ ಹೊದೆಯುವ ಕೌದಿ ತೂಗುಹಾಕಿದ್ದರು, ದನಿ ಮಾರ್ದನಿಗೊಳ್ಳಬಾರದೆಂದು. ಮಂಡಳಿಯ ಮುಖ್ಯ ಹಾಡುಗಾರ್ತಿ ಮಾರೆಮ್ಮ ಮೈಕಿನ ಮುಂದೆ ನಿಂತಿದ್ದಳು. ಕಿವಿಗೆ ಎಲ್ಲಿಂದಲೋ ತಂದ ಸಾದಾ ಹೆಡ್‌ಫೋನ್. ಒಂದು ಸಾಲು ಹಾಡುವುದು, ನಿಲ್ಲಿಸುವುದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವುದು. "ಎವ್ವಾ, ನನ್ನ ದನಿ ಹಿಂಗೈತೇನ? ಇಷ್ಟು ವರ್ಷ ಹಾಡೀನಿ, ನನಗ ಗೊತ್ತಾ ಇರಲಿಲ್ಲ!"

ಪೆಟ್ಟಿಗೆ ಬೇಕೆಂದು ಬಾಯಿಬಿಡಲು ಹೊರಟಿದ್ದ ಅತಾವುಲ್ಲಾನ ತೋಳನ್ನು ಸಲ್ಮಾ ಹಿಡಿದಳು. "ಅವರ ಹಾಡು ಮುಗಿಲಿ. ಆಮ್ಯಾಲ ಕೊಡ್ತಾರ" ಎಂದು ಮೈಲಪ್ಪನಿಗೂ ತಾನೇ ಹೇಳಿದಳು. ಆ ಪೆಟ್ಟಿಗೆ ಇವರ ಮನೆಯಲ್ಲಿ ಸುಮ್ಮನೆ ಬಿದ್ದದ್ದಲ್ಲವೆಂದು ಆಗ ತಿಳಿದ ಮೈಲಪ್ಪ ನಾಚಿಕೊಂಡು, "ನನಗ ಹಂಗ ಹೇಳಲಿಲ್ರಿ ಇವರು" ಎಂದ. ಅತಾವುಲ್ಲಾ ಗೋಡೆ ನೋಡಿದ. ಸಲ್ಮಾ ಮಾರೆಮ್ಮನ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಇಬ್ಬರು ಹೆಂಗಸರೂ ತಲೆಗೆ ತಲೆ ಹಚ್ಚಿ ಬಹಳ ಹೊತ್ತು ಏನೇನೋ ಮಾತಾಡಿಕೊಂಡರು. ಬಾಗಿಲಲ್ಲಿ ನಿಂತ ಅತಾವುಲ್ಲಾನಿಗೆ ಈಗ ಮಾರೆಮ್ಮನ ಮೇಲೂ ಹೊಟ್ಟೆ ಉರಿಯಿತು.

ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ಕೂತಾಗ ಅವನು ನೆಲ ನೋಡುತ್ತ ಹೇಳಿದ:

"ನನಗ ಕೇಳಂಗಿಲ್ಲ ಸಲ್ಮಾ. ನೀವಿಬ್ರೂ ಹೇಳ್ತೀರಲ್ಲ, ಆ ಸಣ್ಣ ಸಣ್ಣ ದನಿ. ಒಂದೂ ಕೇಳಂಗಿಲ್ಲ."

"ಗೊತ್ತೈತಿ."

"ಗೊತ್ತೈತಾ? ಮತ್ಯಾಕ ಹೇಳಲಿಲ್ಲ?"

"ಕೇಳ್ತೈತಿ ಅಂತ ನೀವಾ ಅಂದ್ರಿ. ಹುಲುಗೇಶನ ಎದುರಿಗೆ ಸುಳ್ಳು ಅಂತ ನಾ ಹ್ಯಾಂಗ ಅನ್ನಲಿ?" ಬಸ್ಸು ಬರುವ ದಾರಿ ನೋಡುತ್ತ ಅವಳು ಹೇಳಿದಳು, "ಮನ್ಯಾಗ ನಾ ಕರದ್ರೂ ಒಮ್ಮೊಮ್ಮಿ ಓ ಅನ್ನಂಗಿಲ್ಲ ನೀವು. ಸಿಟ್ಟಿನಾಗ ಅದಾರ ಅಂತ ಸುಮ್ನಾಗ್ತಿದ್ದೆ. ಆಮ್ಯಾಲ ತಿಳೀತು. ಆದ್ರ ನನ್ನ ಪೆಟ್ಟಿಗಿ ಕೊಟ್ಟಿದ್ದು ಕಿವಿ ಕೇಳಲಾರದ್ದಕ್ಕಲ್ಲ. ಅದನ್ನ ನಾ ಮರಿಯಂಗಿಲ್ಲ."

ಅವನು ತಲೆಯಾಡಿಸಿದ. ಬಸ್ಸು ಬಂತು.

ಬಳ್ಳಾರಿಯಲ್ಲಿ ಕಿವಿ ಡಾಕ್ಟರು ಅವನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹಾರ್ನುಗಳ ಮುಂದೆ ನಿಂತೂ ನಿಂತೂ ಮೇಲಿನ ಸ್ವರಗಳು ಹೋಗಿವೆ, ಹೋದದ್ದು ಬರುವುದಿಲ್ಲ, ಕೆಳಗಿನವು ಚೆನ್ನಾಗಿವೆ, ಅವನ್ನಾದರೂ ಕಾಪಾಡಿಕೊಳ್ಳಿ ಎಂದರು. ಕಸುಬು ಬಿಡಲಾಗುತ್ತದೆಯೇ? ಬಿಡಲಿಲ್ಲ. ಆದರೆ ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಂಡು ಸ್ಪೀಕರಿನ ಹಿಂದೆ ನಿಲ್ಲತೊಡಗಿದ. ಮದುವೆಮನೆಗಳಲ್ಲಿ ಜನ ಆಡಿಕೊಂಡರು.

ಎಕ್ಸ್‌ಚೇಂಜಿಗೆ ತಾನೇ ಹೋಗಿ ಹುಲುಗೇಶನನ್ನು ಹೊರಗೆ ಕರೆದ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. "ಲೇ, ಸಂಜಿಕ ಬಾರಲೇ. ನಿಮ್ಮ ಭಾಬಿ ಚಹಾ ಮಾಡಿಟ್ಟಿರ್ತಾಳ" ಎಂದ. ಹುಲುಗೇಶ್ ಅಷ್ಟಕ್ಕೇ ಬಂದ.

ಭಜನೆಯ ಸಿಡಿ ಮುಗಿದ ಮೇಲೆ ಮೈಲಪ್ಪ ಪೆಟ್ಟಿಗೆಯನ್ನು ಮಲ್ಲಿಗೆ ಹೂವಿನ ಬುಟ್ಟಿಯಲ್ಲಿಟ್ಟು ತಂದುಕೊಟ್ಟ. ಮತ್ತೆ ಸಂಜೆಗಳು ಮೊದಲಿನಂತಾದವು. ಅವರಿಬ್ಬರೂ ಕೇಳಿ ಮಾತಾಡುವುದು, ಅವನು ಅಂಗಳದಲ್ಲಿ ವೈರು ಸುತ್ತುವುದು. ಉರಿ ಆರಿತೆಂದರೆ ಸುಳ್ಳಾಗುತ್ತದೆ. ತಡೆದುಕೊಳ್ಳಲು ಕಲಿತಿದ್ದ, ಅಷ್ಟೆ.

ಒಂದು ಶುಕ್ರವಾರ ಹುಲುಗೇಶ್ ಊರಲ್ಲಿರಲಿಲ್ಲ. ನಮಾಜ್ ಮುಗಿಸಿ ಬಂದ ಗಂಡನನ್ನು ಸಲ್ಮಾ ಕುರ್ಚಿಯ ಮೇಲೆ ಕೂರಿಸಿ, ಹೆಡ್‌ಫೋನ್ ಹಾಕಿ, ಮೃದಂಗದಂಥ ವಾದ್ಯ ಪಖಾವಜಿನ ಒಂದು ಸಿಡಿ ಹಚ್ಚಿದಳು. ಅತಾವುಲ್ಲಾ ಮೊದಲು ಮುಖ ಗಂಟಿಕ್ಕಿಕೊಂಡೇ ಕೂತಿದ್ದ. ಎಡಗೈಯ ಪೆಟ್ಟು ಬಿತ್ತು. ದಪ್ಪ ದನಿ ಎದೆಗೇ ಬಂದಂತೆ. ಅಂಗೈ ಚರ್ಮದ ಮೇಲೆ ಒತ್ತಿ ಸರಿದದ್ದು, ದನಿ ಮೆಲ್ಲಗೆ ಬಾಗಿದ್ದು, ಅದು ಆರುವಾಗ ಮಂಟಪವೋ ಏನೋ ಒಂದು ದೊಡ್ಡ ಜಾಗ ಸುತ್ತಲೂ ಇದ್ದದ್ದು, ಎಲ್ಲ ಕೇಳಿಸಿತು. ಇಷ್ಟು ವರ್ಷ ಸಾವಿರ ಜನಕ್ಕೆ ಕೇಳಿಸಿದವನು ಒಂದು ಪೆಟ್ಟನ್ನು ಕೊನೆಯವರೆಗೆ ಕೇಳಿದ್ದು ಅದೇ ಮೊದಲು.

ಮುಗಿದ ಮೇಲೂ ಅವನು ಹೆಡ್‌ಫೋನ್ ತೆಗೆಯಲಿಲ್ಲ.

"ಹ್ಯಾಂಗೈತ್ರಿ?" ಎಂದಳು ಸಲ್ಮಾ, ಅವನ ಮುಖದ ಮುಂದೆ ಬಂದು.

ಅತಾವುಲ್ಲಾ ಸಿಡಿಯ ಡಬ್ಬಿಯನ್ನು ಎತ್ತಿ ತನ್ನ ಅಂಗಿಯ ಜೇಬಿಗೆ ತುರುಕತೊಡಗಿದ. ಜೇಬು ಸಾಲಲಿಲ್ಲ.

"ಇದನ್ನ ಹುಲುಗನಿಗೆ ಕೇಳಸಬ್ಯಾಡ" ಎಂದ.

ಸಲ್ಮಾ ಗಟ್ಟಿಯಾಗಿ ನಕ್ಕಳು. ತಾನು ಹುಲುಗೇಶನಿಗೆ ಅದನ್ನು ಕೇಳಿಸುವುದಿಲ್ಲವೆಂದು ಮಾತು ಕೊಟ್ಟಳು.