ಪಟ್ಟಿಯಿಂದ ಬಿದ್ದ ಹೆಸರು

"ಆ ಕೈ ಹಾಗಿಡಬೇಡಿ," ಎನ್ನುತ್ತ ಲೂವೀನಿಯಾ ಶವಪೆಟ್ಟಿಗೆಯೊಳಗೆ ಬಾಗಿ, ಅತ್ತೆಯ ಎಡಗೈಯನ್ನು ಎದೆಯ ಮೇಲಿಂದ ಇಳಿಸಿ ಪಕ್ಕಕ್ಕೆ ಸರಿಸಿದಳು. "ಭುಜ ಎಳೆದ ಹಾಗಾಗಿ ನೋಯುತ್ತೆ ಅವರಿಗೆ."

ಶವಸಂಸ್ಕಾರ ನಡೆಸುವ ಮಿಸ್ಟರ್ ಟಾಲಿವರ್ ಮೆಲ್ಲನೆ ಕೆಮ್ಮಿದ. "ಇನ್ನು ನೋಯಲ್ಲ, ತಾಯಿ."

"ನನಗೆ ಗೊತ್ತು. ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ."

ದೇವರು ಅತ್ತೆ ಓಜೆಲ್ಲಾಳಿಗೆ ಎಂಬತ್ತಾರು ವರ್ಷ ಕೊಟ್ಟಿದ್ದ. ಅದರಲ್ಲಿ ಮೂವತ್ತೆಂಟನ್ನು ಅವಳು ಊರಿನ ವೃದ್ಧಾಶ್ರಮದಲ್ಲಿ ಪರರ ಮೈ ತೊಳೆಯುತ್ತ ಕಳೆದಳು. ಕೊನೆಯ ಎರಡೂವರೆ ವರ್ಷ ಹಾಸಿಗೆ ಹಿಡಿದಾಗ ಅವಳ ಮೈ ತೊಳೆದವಳು ಸೊಸೆ. ಗಂಡ ತೀರಿಹೋಗಿ ಹತ್ತು ವರ್ಷವಾದರೂ ಲೂವೀನಿಯಾ ಆ ಮನೆ ಬಿಟ್ಟಿರಲಿಲ್ಲ. ಅದೇ ವೃದ್ಧಾಶ್ರಮದಲ್ಲಿದ್ದ ತನ್ನ ಸಹಾಯಕಿಯ ಕೆಲಸವನ್ನು ಮಾತ್ರ ಬಿಟ್ಟಿದ್ದಳು.

ಮೌಂಟ್ ನೀಬೋ ಚರ್ಚಿನಲ್ಲಿ ಬಿಳಿ ಉಡುಪು ತೊಟ್ಟ ಸೇವಾಬಳಗದ ಹೆಂಗಸರು, ಪರಸ್ಪರ 'ಸಿಸ್ಟರ್' ಎಂದೇ ಕರೆದುಕೊಳ್ಳುವವರು, ಅಳುವವರಿಗೆ ಗಾಳಿ ಬೀಸುತ್ತ ನಿಂತಿದ್ದರು. ಅವರಲ್ಲೊಬ್ಬಳು ಬರ್ನೀಸ್, ಶುಶ್ರೂಷಾ ಸಹಾಯಕಿಯರಿಗೆ ಪಾಠ ಹೇಳುವವಳು. ಬೀಸಣಿಗೆ ನಿಲ್ಲಿಸದೆ ಲೂವೀನಿಯಾಳ ಕಿವಿಯತ್ತ ಬಾಗಿದಳು.

"ಇವತ್ತು ಆಡೋ ಮಾತಲ್ಲ. ಆದ್ರೆ ನಾಳೆಗೆ ಕಾದ್ರೆ ತಡ. ಸಹಾಯಕಿಯರ ರಾಜ್ಯದ ಪಟ್ಟಿ ನೋಡ್ದೆ. ನಿನ್ನ ಹೆಸರು ಬಿದ್ಹೋಗಿದೆ."

"ಯಾಕೆ? ನಾನೇನು ಮಾಡ್ದೆ?"

"ಏನೂ ಮಾಡ್ಲಿಲ್ಲ ಅಂತಾನೇ. ಎರಡು ವರ್ಷದಲ್ಲಿ ಒಂದಿನ, ಎಂಟೇ ಗಂಟೆ, ಸಂಬಳಕ್ಕೆ ಈ ಕೆಲಸ ಮಾಡಿರ್ಬೇಕು. ಇಲ್ದಿದ್ರೆ ಸರ್ಟಿಫಿಕೇಟ್ ಸತ್ತ ಹಾಗೆ."

"ದಿನಾ ಇಪ್ಪತ್ನಾಕು ಗಂಟೆ ಮಾಡಿದ್ನಲ್ಲೇ!"

"ಸ್ವಂತ ಅತ್ತೆಗೆ ಮಾಡಿದ್ದನ್ನ ಸರ್ಕಾರ ಕೆಲಸ ಅನ್ನಲ್ಲ ಕಣೆ."

ಮುಂದೆ ಪಾದ್ರಿಗಳು ಸ್ವರ್ಗ ಸೇರುವವರ ಜೀವಗ್ರಂಥದಲ್ಲಿ ಬರೆದಿರುವ ಹೆಸರುಗಳ ವಿಷಯ ಓದುತ್ತಿದ್ದರು. ಲೂವೀನಿಯಾಗೆ ನಗು ಬಂತು. ಹಿಂದಿನ ಸಾಲಿನವರು ಅಳುವೆಂದು ತಿಳಿದು ಬೆನ್ನು ತಟ್ಟಿದರು.

"ಸರ್ಟಿಫಿಕೇಟ್ ಮತ್ತೆ ಪಡೆಯೋಕೆ ಸೋಮವಾರ ಪರೀಕ್ಷೆ ಇದೆ. ಒಂದು ಜಾಗ ಖಾಲಿ ಇದೆ," ಎಂದಳು ಬರ್ನೀಸ್. "ಇವತ್ತು ಸಂಜೆ ಐದರೊಳಗೆ ಹೆಸರು ಕಳಿಸ್ಬೇಕು. ನಿನ್ನ ಕೆಲಸ ಇಟ್ಕೊಂಡು ಕಾಯ್ತಿದಾರೆ ವೃದ್ಧಾಶ್ರಮದವ್ರು. ಕಾಗದ ಇಲ್ದೆ ಒಳಗೆ ಬಿಡೋ ಹಾಗಿಲ್ಲ."

"ಈ ಐವತ್ನಾಲ್ಕಕ್ಕೆ, ಕೈ ಹೆಂಗೆ ತೊಳೀತೀನಿ ಅಂತ ಯಾರೋ ನಿಂತು ನೋಡ್ಬೇಕಾ? ಬೇಡಮ್ಮ. ಯಾವುದಾದ್ರೂ ಅಂಗಡೀಲಿ ಕಸ ಗುಡಿಸ್ಕೊಂಡಿರ್ತೀನಿ."

*

ಓಜೆಲ್ಲಾಳೂ ಹಿಂದೊಮ್ಮೆ ಇಂಥದೇ ಮಾತಾಡಿದ್ದಳು. ಯಾವ ಕಾಗದವೂ ಇಲ್ಲದೆ ಇಪ್ಪತ್ತೆರಡು ವರ್ಷ ದುಡಿದ ಮೇಲೆ, ಅವಳ ಐವತ್ತೊಂದನೆಯ ವಯಸ್ಸಿನಲ್ಲಿ, ಹೊಸ ಕಾನೂನು ಬಂತು: ಎಪ್ಪತ್ತೈದು ಗಂಟೆಯ ತರಬೇತಿ, ಒಂದು ಬರಹದ ಪರೀಕ್ಷೆ, ಒಂದು ಕೈಕೆಲಸದ ಪರೀಕ್ಷೆ. ಅಂದೇ ಉಡುಪು ಮಡಚಿಟ್ಟು ಮನೆಗೆ ಬಂದು ಕೂತಳು.

ಮದುವೆಯಾಗಿ ಎರಡು ತಿಂಗಳಾಗಿದ್ದ ಸೊಸೆಗೆ ಕಾರಣ ಹೊಳೆಯಲು ಮೂರು ದಿನ ಬೇಕಾಯಿತು. ಅತ್ತೆ ಚರ್ಚಿನಲ್ಲಿ ಹಾಡಿನ ಪುಸ್ತಕವನ್ನು ಸರಿಯಾದ ಪುಟಕ್ಕೇ ತೆರೆಯುತ್ತಿದ್ದಳು, ಆದರೆ ಪಕ್ಕದವರು ತೆರೆದ ಮೇಲೆ.

"ಓದೋಕೆ ಬರದವ್ರಿಗೆ ಕ್ಯಾಸೆಟ್ಟಲ್ಲಿ ಪ್ರಶ್ನೆ ಕೇಳಿಸ್ತಾರಂತೆ ಅತ್ತೆ. ನಾನೇ ವಿಚಾರಿಸ್ಕೊಂಡು ಬಂದೆ."

ಓಜೆಲ್ಲಾ ಮಡಚಿಟ್ಟಿದ್ದ ಉಡುಪನ್ನು ಮತ್ತೆ ಬಿಚ್ಚಿದಳು. "ಕೇಳೋಕೆ ಬರುತ್ತೆ ನಂಗೆ," ಎಂದಳು. "ಇಷ್ಟು ವರ್ಷ ಇನ್ನೇನು ಮಾಡ್ದೆ?"

ಲೂವೀನಿಯಾ ತರಗತಿಗೂ ಜೊತೆಗೆ ಹೋದಳು, ಪಾಠವನ್ನು ದಿನಾ ಗಟ್ಟಿಯಾಗಿ ಓದಿ ಹೇಳಿದಳು, ತಾನೂ ಪರೀಕ್ಷೆಗೆ ಕೂತಳು. ಸಾಯುತ್ತಿರುವವರು 'ನಾನು ಸಾಯ್ತೀನಾ?' ಎಂದು ಕೇಳಿದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಓಜೆಲ್ಲಾ ಯಾವ ಉತ್ತರವನ್ನೂ ಗುರುತು ಮಾಡಲಿಲ್ಲ.

"ನಾಲ್ಕು ಉತ್ತರ ಕೊಟ್ಟಿದ್ರು," ಎಂದು ಬರುವಾಗ ಬಸ್ಸಿನಲ್ಲಿ ಗೊಣಗಿದಳು. "ಕುರ್ಚಿ ಎಳ್ಕೊಂಡು ಕೂತ್ಕೋ ಅಂತ ಒಂದ್ರಲ್ಲೂ ಇರ್ಲಿಲ್ಲ."

ಆ ಒಂದು ಅಂಕ ಹೋಯಿತು. ಇಬ್ಬರೂ ಪಾಸಾದರು.

*

ಮಣ್ಣು ಮಾಡಿ ಬಂದವರು ಚರ್ಚಿನ ಊಟದ ಮನೆಯಲ್ಲಿ ಕರಿದ ಕೋಳಿ, ಸೊಪ್ಪಿನ ಪಲ್ಯದ ಮುಂದೆ ಕೂತಿದ್ದರು. ನಾಲ್ಕೂವರೆಯಾಗಿತ್ತು. ಲೂವೀನಿಯಾಳ ಪಕ್ಕದ ಕುರ್ಚಿಗೆ ಡೆಲ್ಫೀನ್ ಬಂದಳು, ತಟ್ಟೆಯಿಲ್ಲದೆ. ಮೀನಿನ ಕಾರ್ಖಾನೆ ಮುಚ್ಚಿ ಕೆಲಸ ಹೋದ ಮೇಲೆ ಬರ್ನೀಸಳ ಬಳಿ ಪಾಠಕ್ಕೆ ಸೇರಿದ್ದ ನಲವತ್ತರ ಹೆಂಗಸು.

"ಸಿಸ್ಟರ್, ಸೋಮವಾರದ ಪರೀಕ್ಷೆ ನಂಗೆ ಮೂರನೇ ಸಲ. ಇದೂ ಹೋದ್ರೆ ಪಾಠ ಮತ್ತೆ ಮೊದ್ಲಿಂದ. ರೋಗೀನ ಪಕ್ಕಕ್ಕೆ ಹೊರಳಿಸೋದ್ರಲ್ಲೇ ಎಡವ್ತೀನಿ. ಪರೀಕ್ಷೇಲಿ ಒಬ್ರಿಗೊಬ್ರು ರೋಗಿಯಾಗಿ ಮಲಗ್ಬೇಕು, ನನ್ನ ಜೊತೆಗಾರ್ತಿನೂ ಬಿಟ್ಟು ಹೋದ್ಲು. ಆ ಖಾಲಿ ಜಾಗ ಅವಳ್ದೇ."

"ಆ ಕೈ ನೋಡಿ," ಎಂದ ಟಾಲಿವರ್, ಕೋಳಿ ಕಾಲು ಆಡಿಸುತ್ತ. "ಮೀನು ತಿರುವಿದ ಹಾಗೆ ತಿರುವಿದ್ರೆ ಮುದುಕರು ಹೋಗಿ ಗೋಡೆಗೆ ಅಂಟ್ಕೋತಾರೆ."

"ನಿಮ್ಮ ಗಿರಾಕಿಗಳು ದೂರು ಹೇಳಲ್ಲ ಬಿಡಿ," ಎಂದಳು ಡೆಲ್ಫೀನ್. "ನನ್ನವ್ರು ಹೇಳ್ತಾರೆ."

ಲೂವೀನಿಯಾ ಎದ್ದಳು. ಗೋಡೆಯ ಬದಿಯ ಎರಡು ಬೆಂಚು ಜೋಡಿಸಿ, ಬೂಟು ಕಳಚಿ, ಕಪ್ಪು ಉಡುಪಿನಲ್ಲೇ ಮಲಗಿದಳು. "ತೋರ್ಸು, ಎಲ್ಲಿ ಎಡವ್ತೀಯ."

ಡೆಲ್ಫೀನ್ ಭುಜ ಹಿಡಿದು ಎಳೆದಳು.

"ಅಯ್ಯೋ! ನಾನೇನು ಅಕ್ಕಿ ಮೂಟೆನಾ? ಮೊದ್ಲು ಹೇಳು. ಆಮೇಲೆ ಕೇಳು. ಆಮೇಲೆ ಮುಟ್ಟು."

ಡೆಲ್ಫೀನ್ ಉಸಿರೆಳೆದುಕೊಂಡಳು. "ನಾನು ಡೆಲ್ಫೀನ್. ನಿಮ್ಮನ್ನ ಪಕ್ಕಕ್ಕೆ ಹೊರಳಿಸ್ತೀನಿ. ಆಗ್ಬಹುದಾ, ಸಿಸ್ಟರ್?"

ಈ ಎರಡೂವರೆ ವರ್ಷದಲ್ಲಿ ಲೂವೀನಿಯಾ ದಿನಕ್ಕೆ ಹತ್ತು ಸಲ ಕೇಳಿದ್ದ ಪ್ರಶ್ನೆಯದು. ಅವಳನ್ನು ಯಾರೂ ಕೇಳಿರಲಿಲ್ಲ.

"ಆಗ್ಬಹುದು," ಎಂದಳು.

ಈ ಸಲ ಆ ದೊಡ್ಡ ಕೈಗಳು ನಿಧಾನವಾಗಿ ಬಂದವು. ಒಂದು ಭುಜಕ್ಕೆ, ಒಂದು ಸೊಂಟಕ್ಕೆ. ಲೂವೀನಿಯಾ ಪಕ್ಕಕ್ಕೆ ಹೊರಳಿದಳು.

"ಬರ್ನೀಸ್," ಎಂದಳು ಕಣ್ಣು ಮುಚ್ಚಿಕೊಂಡೇ, "ನನ್ನ ಹೆಸರು ಕಳಿಸು. ಬೇರೆ ಯಾರಾದ್ರೂ ಇವಳ ಕೈಗೆ ಸಿಕ್ಕಿದ್ರೆ ಮೂಳೆ ಉಳಿಯಲ್ಲ."

ಬರ್ನೀಸ್ ಆಗಲೇ ಫೋನ್ ತೆಗೆದಿದ್ದಳು.

ಡೆಲ್ಫೀನ್ ದಿಂಬಿನ ಬದಲು ಯಾರದೋ ಕೋಟನ್ನು ಸುತ್ತಿ ಲೂವೀನಿಯಾಳ ಮಂಡಿಗಳ ನಡುವೆ ಇಟ್ಟಳು, ಇನ್ನೊಂದನ್ನು ಬೆನ್ನಿಗೆ ಒತ್ತಿದಳು. "ಸರಿಯಾಗಿದೆಯಾ, ಸಿಸ್ಟರ್?"

ಉತ್ತರ ಬರಲಿಲ್ಲ. ಬಾಗಿ ನೋಡಿದಳು. ಬಾಯಿ ಕೊಂಚ ತೆರೆದು ಲೂವೀನಿಯಾ ನಿದ್ದೆ ಹೋಗಿದ್ದಳು.

ಪರೀಕ್ಷೆಯಲ್ಲಿ ಇನ್ನೂ ಒಂದು ಹೆಜ್ಜೆಯಿರುತ್ತದೆ: ಕರೆಗಂಟೆ ರೋಗಿಯ ಕೈಗೆಟುಕುವಂತಿರಬೇಕು. ಡೆಲ್ಫೀನ್ ಸುತ್ತ ನೋಡಿ, ಮೇಜಿನಿಂದ ಒಂದು ಖಾಲಿ ಲೋಟ, ಒಂದು ಚಮಚ ತಂದು ಮಲಗಿದವಳ ಬೆರಳುಗಳ ಹತ್ತಿರ ಇಟ್ಟಳು. ಊಟದ ಮನೆಯಲ್ಲಿದ್ದ ನಲವತ್ತು ಜನ ತಟ್ಟೆ ಸದ್ದಾಗದಂತೆ ಉಣ್ಣತೊಡಗಿದರು.